ಆಸ್ಟ್ರೇಲಿಯಾದ ಜನರ ಸ್ವಭಾವ ಹೊರಗಿನವರಿಗೆ ಹೇಗೆ ಕಾಣುತ್ತದೆ?

ಮೊದಲು ಕಣ್ಣಿಗೆ ಬೀಳುವುದು, ದೊಡ್ಡವರು-ಚಿಕ್ಕವರು ಅನ್ನುವ ಭೇದ ಕಡಿಮೆ ಇರುವುದು. ಬಾಸನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಟ್ಯಾಕ್ಸಿ ಹತ್ತಿದರೆ ಎಷ್ಟೋ ಜನ ಡ್ರೈವರ್ ಪಕ್ಕದ ಸೀಟಲ್ಲೇ ಕೂರುತ್ತಾರೆ. ತನ್ನನ್ನು ತಾನೇ ಜಾಸ್ತಿ ಹೊಗಳಿಕೊಳ್ಳುವವರು ಅವರಿಗೆ ಹಿಡಿಸುವುದಿಲ್ಲ.

ಹಾಗಂತ ಯಾವುದಕ್ಕೂ ತಲೆ ಕೆಡಿಸಿಕೊಳ್ಳದ ಜನ ಅಂದುಕೊಳ್ಳಬೇಡಿ. ಫೆಡರಲ್ ಚುನಾವಣೆಯಲ್ಲಿ, ಅಂದರೆ ದೇಶದ ಸಂಸತ್ತಿನ ಚುನಾವಣೆಯಲ್ಲಿ, ಮತದಾನ 1924ರಿಂದಲೇ ಕಡ್ಡಾಯ, ಸರಿಯಾದ ಕಾರಣವಿಲ್ಲದೆ ತಪ್ಪಿಸಿದರೆ 20 ಡಾಲರ್ ದಂಡ. ಆದರೂ ಮತದಾನ ನಡೆಯುವ ಶನಿವಾರ ಒಂದು ಹಬ್ಬದ ಹಾಗೇ ಇರುತ್ತದೆ, ಶಾಲೆಯ ಅಂಗಳದಲ್ಲಿ ಪೋಷಕರು ಸಾಸೇಜ್ ಸುಟ್ಟು, ಬ್ರೆಡ್ಡಲ್ಲಿಟ್ಟು ಮಾರಿ ಶಾಲೆಗೆ ದುಡ್ಡು ಕೂಡಿಸುತ್ತಾರೆ, ಮತ ಹಾಕಿದವರು ಅದನ್ನು ತಿನ್ನುತ್ತಾ ಹೋಗುತ್ತಾರೆ.

ನನಗೆ ತುಂಬ ಗೌರವ ಹುಟ್ಟಿಸುವುದು ಕಾಡ್ಗಿಚ್ಚಿನ ಸಮಯದಲ್ಲಿ ಅವರು ನಡೆದುಕೊಳ್ಳುವ ರೀತಿ. 2019-20ರ ಬೇಸಿಗೆಯಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯದ ಹಳ್ಳಿಗಾಡಲ್ಲಿ ಬೆಂಕಿಗೆ ಎದುರು ನಿಂತವರಲ್ಲಿ ಹೆಚ್ಚಿನವರು ಸ್ವಯಂಸೇವಕರು, ತಮ್ಮ ಕೆಲಸ ಬಿಟ್ಟು ಬಂದವರು.