70 ಡಿಗ್ರಿನೋ 90 ಡಿಗ್ರಿನೋ ಆಮೇಲೆ, ಮೊದಲು ಲೋಡ್ ಎಷ್ಟು ಹೇಳಿ

ಜೆಟ್ ಎಂಜಿನ್‌ನ ಎಕ್ಸಾಸ್ಟ್ ನಾಝಲ್‌ನ (ಬಿಸಿ ಗಾಳಿ ಹೊರಬರೋ ಬಾಯಿ) ಮೋಟಾರ್ ಕಿತ್ತು ನೈಟಿನಾಲ್ ತಂತಿ (ಬಿಸಿ ಮಾಡಿದ್ರೆ ಮೊದಲಿನ ರೂಪಕ್ಕೆ ಮರಳೋ ನಿಕ್ಕಲ್-ಟೈಟಾನಿಯಂ ಲೋಹ) ಹಾಕ್ತೀನಿ, ರೂಪ ಬದಲಾಗೋ ಉಷ್ಣತೆ 70 ಡಿಗ್ರಿದು ತಗೊಳ್ಳಲಾ 90ರದ್ದು ತಗೊಳ್ಳಲಾ ಅಂತ ಕೇಳಿದೀರ. ಪುಣೆಯಲ್ಲಿ ಎಂ.ಟೆಕ್ ಮಾಡ್ತಿದ್ದಾಗ ನಾನು ತಲೆ ಕೆಡಿಸ್ಕೊಂಡಿದ್ದೂ ಇದಕ್ಕೇ.

ಬೋಯಿಂಗ್‌ನವರು 2005ರಲ್ಲಿ 777 ವಿಮಾನದಲ್ಲಿ ಹಾರಿಸಿ ನೋಡಿದ್ದ ಶೆವ್ರಾನ್‌ನ ಚಿಕ್ಕ ಮಾಡೆಲ್ ನಮ್ದು. ನಾಝಲ್ ಅಂಚಲ್ಲಿ ಗರಗಸದ ಹಲ್ಲಿನ ಹಾಗೆ ಇರ್ತಾವಲ್ಲ, ಅವೇ. ಟೇಕಾಫ್‌ನಲ್ಲಿ ಒಳಕ್ಕೆ ಬಾಗಿದ್ರೆ ಗಾಳಿ ಬೇಗ ಬೆರೆತು ಸದ್ದು ಕಮ್ಮಿ ಆಗತ್ತೆ, ಮೇಲೆ ಹೋದ್ಮೇಲೂ ಬಾಗೇ ಇದ್ರೆ ಥ್ರಸ್ಟ್ ತಿನ್ನತ್ತೆ, ಅದಕ್ಕೆ ಬಿಸಿಗೆ ಬಾಗಿ ತಣ್ಣಗಾದಾಗ ನೆಟ್ಟಗಾಗೋ ನೈಟಿನಾಲ್. ನಾವು ಭೋಸರಿಯ ಒಂದು ವರ್ಕ್‌ಶಾಪ್‌ನಲ್ಲಿ ತೆಳು ಸ್ಟೀಲ್ ಪಟ್ಟಿ ಕಟ್ ಮಾಡಿಸಿ, ಅದರ ಬೆನ್ನಿಗೆ ತಂತಿ ಕ್ರಿಂಪ್ ಮಾಡಿದ್ವಿ (ಒತ್ತಿ ಬಿಗಿದ್ವಿ).

ತಂತಿಯ ಲೇಬಲ್ ಮೇಲೆ 70 ಅಂತ ಇತ್ತು, ನಾನು ಅದನ್ನೇ ನಂಬ್ದೆ. ಅಲ್ಲೇ ಎಲ್ಲಾ ಹಾಳಾಗಿದ್ದು. ಆ 70 ಅನ್ನೋದು ತಂತಿ ಮೇಲೆ ಏನೂ ಭಾರ ಇಲ್ದಾಗಿನ ಲೆಕ್ಕ. ತಂತಿ ಎಳೆತದಲ್ಲಿದ್ರೆ ರೂಪ ಬದಲಾಗೋ ಉಷ್ಣತೆನೇ ಮೇಲೆ ಹೋಗತ್ತೆ, ಸುಮಾರು 7 ಮೆಗಾಪಾಸ್ಕಲ್‌ಗೆ (ಎಳೆತದ ಒತ್ತಡ, ಅಂದ್ರೆ ಸ್ಟ್ರೆಸ್ ಅಳೆಯೋ ಮಾನ) 1 ಡಿಗ್ರಿ, ಅಂದ್ರೆ 200 ಮೆಗಾಪಾಸ್ಕಲ್ ಇದ್ರೆ ಹತ್ತಿರತ್ತಿರ 30 ಡಿಗ್ರಿ, 70 ಹೋಗಿ 100 ಆಯ್ತು. ಪಟ್ಟಿ ಬಾಗಿದಷ್ಟೂ ಎಳೆತ ಜಾಸ್ತಿ, ಹಾಗಾಗಿ ಕೊನೇ ಸ್ವಲ್ಪ ಬಾಗೋಕೆ ಇನ್ನೂ ಬಿಸಿ ಬೇಕು. ಇದು ಗೊತ್ತಿಲ್ದೆ ಹೀಟ್ ಗನ್ ಏರಿಸ್ತಾ ಹೋದೆ. ಪಟ್ಟಿ ಬಂದು ಸ್ಟಾಪರ್ ಸ್ಕ್ರೂಗೆ ತಾಗಿ ನಿಂತ್ಕೊಳ್ತು, ತಂತಿ ಮಾತ್ರ ಒಳಗೊಳಗೇ ಎಳೀತಾನೇ ಇತ್ತು, ಹೋಗೋಕೆ ಜಾಗ ಇಲ್ಲ, ಸ್ಟ್ರೆಸ್ ಏರಿ ಲೋಹನೇ ಜಾರಿ ಶಾಶ್ವತವಾಗಿ ಉದ್ದ ಆಗ್ಬಿಡ್ತು. ಆರಿಸಿ ಮತ್ತೆ ಬಿಸಿ ಮಾಡಿದ್ರೆ ಅರ್ಧಕ್ಕೇ ನಿಲ್ತು. ಬೇರೆ ತಂತಿ ಇರ್ಲಿಲ್ಲ. ಡೆಮೋ ನೋಡಿ ಕೆಲಸ ಕೊಡೋಣ ಅಂತ ಬಂದಿದ್ದ ಕಂಪನಿಯವರು ಎದ್ದು ಹೋದ್ರು. ತುಂಬಾ ನೋವಾಯ್ತು, ಈಗ್ಲೂ ಇದೆ.

ಸೋ 70ಆ 90ಆ ಅನ್ನೋ ಪ್ರಶ್ನೆನೇ ಬಿಡಿ. ಅಂಗಡಿಯವರ ನಂಬರ್ ಬೇಡ, ನಿಕ್ಕಲ್ 0.1 ಪರ್ಸೆಂಟ್ ಹೆಚ್ಚಾದ್ರೂ ಸುಮಾರು 10 ಡಿಗ್ರಿ ಇಳಿಯೋ ಲೋಹ ಅದು. ನಿಮ್ಮ ತಂತಿಗೆ ನಿಮ್ಮದೇ ಭಾರ ನೇತಾಕಿ, ಪಾತ್ರೆಲಿ ಮುಳುಗಿಸಿ ನಿಧಾನಕ್ಕೆ ಬಿಸಿ ಮಾಡಿ, 5 ಡಿಗ್ರಿಗೊಂದ್ಸಲ ಉದ್ದ ಬರ್ಕೊಳ್ಳಿ. ನೀರು ಬೇಡ, ಪುಣೆಯಲ್ಲಿ ನೂರು ಮುಟ್ಟೋಕೆ ಮುಂಚೆನೇ ಕುದಿಯತ್ತೆ, ಅಡುಗೆ ಎಣ್ಣೆ ತಗೊಳ್ಳಿ. ಆರುವಾಗಲೂ ಅಳೀರಿ, ಗ್ರಾಫ್‌ನಲ್ಲಿ ಆ ಲೈನ್ ಬೇರೆನೇ ಬರತ್ತೆ. ಸ್ಟಾಪರ್ ಬೇಕೇ ಬೇಕು ಅಂದ್ರೆ ಮಧ್ಯ ಒಂದು ಸ್ಪ್ರಿಂಗ್ ಇಡಿ.

ಇನ್ನೊಂದು, ಮೋಟಾರ್ ಕಿತ್ತು ತಂತಿ ಹಾಕೋದು ಎಲ್ಲಾ ಕಡೆ ಆಗಲ್ಲ. ಬೋಯಿಂಗ್‌ನವರು ಹಾಕಿದ್ದು ಫ್ಯಾನ್ ನಾಝಲ್‌ಗೆ (ಮುಂದಿನ ಫ್ಯಾನ್ ತಳ್ಳೋ ಗಾಳಿ ಬರೋ ಹೊರಗಿನ ಬಾಯಿ), ಅಲ್ಲಿ ಗಾಳಿ ಅಷ್ಟೇನೂ ಬಿಸಿ ಇರಲ್ಲ. ಕೋರ್ ಎಕ್ಸಾಸ್ಟ್ (ಇಂಧನ ಉರಿದು ಒಳಗಿಂದ ಬರೋ ಗಾಳಿ) ನೂರಾರು ಡಿಗ್ರಿ, ಸಾದಾ ನೈಟಿನಾಲ್ ಅಲ್ಲಿ ಯಾವಾಗ್ಲೂ ಬಿಸಿ ರೂಪದಲ್ಲೇ ಕೂತಿರತ್ತೆ, ಹೆಚ್ಚು ಬಿಸಿಗೆ ಅಂತ ನಾಸಾದವರು ಹಾಫ್ನಿಯಂ ಅನ್ನೋ ಲೋಹ ಸೇರಿಸಿದ ಅಲಾಯ್ ಮೇಲೆ ಕೆಲಸ ಮಾಡಿದಾರೆ. ಫೈಟರ್ ನಾಝಲ್ ಅಂತೂ ಬೇಡ್ವೇ ಬೇಡ, ಅದು ಥಟ್ಟಂತ ತೆರೀಬೇಕು ಮುಚ್ಚಬೇಕು, ಈ ತಂತಿ ಆರೋಕೆ ಟೈಮ್ ತಗೊಳ್ಳತ್ತೆ. ಶೆವ್ರಾನ್‌ಗೆ ಅವಸರ ಇಲ್ಲ, ವಿಮಾನ ಮೇಲೇರೋ ಅಷ್ಟೊತ್ತೂ ಅದಕ್ಕೆ ಟೈಮ್ ಇದೆ. ಅದನ್ನೇ ಮಾಡಿ, ತಂತಿ ಮಾತ್ರ ಬೇಕಾದ್ದಕ್ಕಿಂತ ಎರಡು ಪಟ್ಟು ತರಿಸ್ಕೊಳ್ಳಿ.