ಶಾರದೆಯ ಕೈಬೆರಳು ನೋಡಿದ್ದೀರಾ?

ನಮಸ್ಕಾರ.

ನಮ್ಮ ಪತ್ರಿಕೆಗೆ ನೀವು ಕಳಿಸಿದ ‘ಮಲೆಮಿಂಚು’ ಕಥೆ ಓದಿದೆ. ಭಾಷೆ ಸಲೀಸಾಗಿದೆ, ಕಾಗುಣಿತದ ತಪ್ಪು ಹುಡುಕಿದರೂ ಸಿಗುವುದಿಲ್ಲ. ತೀರ್ಥಹಳ್ಳಿ ಕಡೆಯ ಕೂಲಿ ಹೆಂಗಸನ್ನು ಸೂಪರ್‌ಹೀರೋ ಮಾಡಿದ್ದೀರಿ, ಸಂತೋಷ. ಹೊಗಳಿಕೆ ಇಷ್ಟೇ. ಉಳಿದದ್ದು ಓದಿ ನನಗೆ ಸಿಟ್ಟು ಬಂದಿದೆ.

ಬೇರೆ ಓದುಗರಿಗಾಗಿ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಆಷಾಢದ ಒಂದು ರಾತ್ರಿ ಅಡಿಕೆ ಸುಲಿದು ಮನೆಗೆ ಹೊರಟ ಶಾರದೆಗೆ ಸಿಡಿಲು ಬಡಿಯುತ್ತದೆ. ನೀರನ್ನು ತಡೆದು ನಿಲ್ಲಿಸುವ ಶಕ್ತಿ ಬರುತ್ತದೆ. ಮುಖವಾಡ ಹಾಕಿಕೊಂಡು, ತುಂಬಿದ ಹಳ್ಳದಲ್ಲಿ ಸಿಕ್ಕಿಬಿದ್ದ ಬಸ್ಸನ್ನು ಕಾಪಾಡುತ್ತಾಳೆ. ಮನೆಗೆ ಬಂದು ಕಾಫಿ ಮಾಡುತ್ತಾಳೆ.

ಮೊದಲ ಸಾಲು: “ಶಾರದಾ ಎಲ್ಲರಂತೆ ಒಬ್ಬ ಸಾಮಾನ್ಯ ಹೆಣ್ಣು. ಮನೆಕೆಲಸ ಮುಗಿಸಿ ಅಡಿಕೆ ಸುಲಿಯಲು ಹೋಗುತ್ತಿದ್ದಳು.” ಯಾವ ಮನೆಕೆಲಸ? ಕೊಟ್ಟಿಗೆ ಇದೆಯಾ? ಅತ್ತೆ ಇದ್ದಾರಾ? ಮಗು ಇದ್ದರೆ ಸುಲಿಯುವ ಹೊತ್ತಲ್ಲಿ ಯಾರ ಹತ್ತಿರ ಬಿಡುತ್ತಾಳೆ? ಒಂದಕ್ಕೂ ಉತ್ತರ ಇಲ್ಲ. ಬದಲಿಗೆ ಅವಳು ಸಾಮಾನ್ಯಳು ಅಂತ ಮೊದಲ ಪುಟದಲ್ಲೇ ಮೂರು ಸಲ ಹೇಳಿದ್ದೀರಿ.

ನಾನು ಕೆಲಸ ಕಲಿತದ್ದು ಶಿವಮೊಗ್ಗದ ಒಂದು ಸಣ್ಣ ವಾರಪತ್ರಿಕೆಯಲ್ಲಿ. ಆಗಿನ್ನೂ ಅಚ್ಚುಮೊಳೆ ಜೋಡಿಸುವ ಕಾಲ. ನಮ್ಮ ಕಂಪೋಸಿಟರ್ ವಯಸ್ಸಾದವರು, ಉಲ್ಟಾ ಕೂತ ಅಕ್ಷರಗಳನ್ನೇ ಸರಾಗವಾಗಿ ಓದುತ್ತಿದ್ದರು. ಒಂದೊಂದು ಅಕ್ಷರವನ್ನೂ ಕೈಯಲ್ಲೇ ಹೆಕ್ಕಿ ಇಡಬೇಕಲ್ಲ, ಸುಮ್ನೆ ಬಂದ ಮಾತು ಕಂಡರೆ ಅವರಿಗೆ ಆಗುತ್ತಿರಲಿಲ್ಲ. “ಏನಮ್ಮಾ, ಇದನ್ನ ಹೋದ ಸಾಲಲ್ಲೇ ಜೋಡಿಸಿದ್ನಲ್ಲ?” ಅಂತ ಹಾಳೆಯನ್ನು ನನ್ನ ಮೇಜಿಗೆ ವಾಪಸ್ ತರುತ್ತಿದ್ದರು. ಸಂಪಾದಕರಿಗಿಂತ ಜಾಸ್ತಿ ಹೆದರಿದ್ದು ಅವರಿಗೇ. ಈಗ ಯಾರದೇ ಕಥೆ ಬಂದರೂ ಅವರ ಕಣ್ಣಲ್ಲೇ ಓದುತ್ತೇನೆ, ಬಿಡಲಾಗುವುದಿಲ್ಲ.

ಇನ್ನು ಆಷಾಢ. ಆಷಾಢದಲ್ಲಿ ಸುಲಿಯೋಕೆ ಅಡಿಕೆ ಎಲ್ಲಿಂದ ಬಂತು? ಆಗ ತೋಟದಲ್ಲಿ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿ ಔಷಧಿ ಹೊಡೆಯುತ್ತಿರುತ್ತಾರೆ. ಹೆಂಗಸರು ನಾಟಿ ಗದ್ದೆಯಲ್ಲಿರುತ್ತಾರೆ. ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲು, ಸುಲಿತ ಎಲ್ಲ ಮಳೆ ಬಿಟ್ಟ ಮೇಲೆ.

ಆದರೆ ನನ್ನನ್ನು ನಿಜಕ್ಕೂ ಕೆರಳಿಸಿದ್ದು ಈ ಸಾಲು: “ಮುಖವಾಡ ಧರಿಸಿದ್ದರಿಂದ ಯಾರಿಗೂ ಅವಳ ಗುರುತು ಸಿಗಲಿಲ್ಲ.”

ಅಡಿಕೆ ಸುಲಿಯುವವರನ್ನು ಒಮ್ಮೆಯಾದರೂ ಹತ್ತಿರ ಕೂತು ನೋಡಿದ್ದೀರಾ? ಮೆಟ್ಟುಗತ್ತಿಯ ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಹಸಿ ಕಾಯನ್ನು ಅಲಗಿಗೆ ಒತ್ತಿ, ಸಿಪ್ಪೆ ಬಿಡಿಸಿ, ಒಳಗಿನ ಬೇಳೆಯನ್ನು ಬುಟ್ಟಿಗೆ ಹಾಕುತ್ತಾರೆ. ಕಣ್ಣು ಎಲ್ಲೋ, ಮಾತು ಎಲ್ಲೋ, ಕೈ ಮಾತ್ರ ನಿಲ್ಲುವುದಿಲ್ಲ. ಬೆರಳಿಗೆ ಬಟ್ಟೆ ಸುತ್ತಿಕೊಂಡರೂ ಕಾಯಿಯ ರಸ ಇಳಿಯುತ್ತದೆ. ಹೆಬ್ಬೆರಳು, ತೋರುಬೆರಳು ಕಪ್ಪಾಗುತ್ತವೆ. ಉಗುರಿನ ಸಂದಿಯ ಕರೆ ಸುಲಿತ ಮುಗಿದ ಮೇಲೂ ಸುಲಭಕ್ಕೆ ಹೋಗುವುದಿಲ್ಲ. ಅಂಥ ಕೈ ಎತ್ತಿ ನಿಮ್ಮ ಶಾರದೆ ಹಳ್ಳ ನಿಲ್ಲಿಸಿದ್ದಾಳೆ, ಬಸ್ಸಿನ ಹೆಡ್‌ಲೈಟ್ ಎದುರಲ್ಲಿ! ಒಳಗೆ ಕೂತವರೆಲ್ಲ ಅಲ್ಲಿಯವರೇ. ನಮ್ಮ ಕಡೆ ತೋಟದ ಆಚೆ ಕೊಡೆ ಹಿಡಿದು ಹೋಗುವವರನ್ನು ನಡಿಗೆಯಲ್ಲೇ ಗುರುತು ಹಿಡಿಯುತ್ತಾರೆ. ಬಸ್ಸಿಳಿದು ಮನೆ ಮುಟ್ಟುವುದರೊಳಗೆ ನೀವು ಬಂದ ಸುದ್ದಿ ಮೊದಲೇ ಮುಟ್ಟಿರುತ್ತದೆ. ಅಂಥಲ್ಲಿ ಮುಖವಾಡದಿಂದ ಏನು ಪ್ರಯೋಜನ? ದೊಡ್ಡ ಊರಲ್ಲಿ ಅದು ನಡೆಯುತ್ತದೆ, ಅಲ್ಲಿ ಪಕ್ಕದ ಮನೆಯವರ ಹೆಸರೂ ಗೊತ್ತಿರುವುದಿಲ್ಲ. ಇಲ್ಲಿ ಊರಿಗೆಲ್ಲ ಗೊತ್ತಿದೆ, ಯಾರೂ ಬಾಯಿ ಬಿಡುತ್ತಿಲ್ಲ ಅನ್ನಿ. ಆಗ ಕಥೆ ಹುಟ್ಟುತ್ತದೆ. ಯಾಕೆ ಬಾಯಿ ಬಿಡುತ್ತಿಲ್ಲ? ಅವಳ ಮೇಲಿನ ಪ್ರೀತಿಗಾ, ಭಯಕ್ಕಾ, ನಾಳೆ ತಮಗೂ ಬೇಕಾದೀತು ಅಂತಲಾ?

ಕೊನೆಯ ಸಾಲು: “ಏನೂ ಆಗಿಲ್ಲವೆಂಬಂತೆ ಮುಗುಳ್ನಗುತ್ತಾ ಎಲ್ಲರಿಗೂ ಕಾಫಿ ಕೊಟ್ಟಳು.” ಇದನ್ನು ವಿನಯ ಅಂದುಕೊಂಡು ಬರೆದಿದ್ದೀರಿ. ಅಮೆರಿಕದ ಕಾಮಿಕ್ಸ್‌ನವರು 1941ರಲ್ಲಿ ವಂಡರ್ ವುಮನ್‌ಳನ್ನು ತಂದರು. ಮಾರನೇ ವರ್ಷ ಗಂಡಸು ಸೂಪರ್‌ಹೀರೋಗಳ ಸಂಘಕ್ಕೆ ಸೇರಿಸಿಕೊಂಡು ಕಾರ್ಯದರ್ಶಿ ಕೆಲಸ ಕೊಟ್ಟರು! ನೀವು ಕಾಫಿ ಲೋಟ ಕೊಟ್ಟಿದ್ದೀರಿ, ವ್ಯತ್ಯಾಸ ಅಷ್ಟೇ. ರಾತ್ರಿಯಿಡೀ ಹಳ್ಳ ಹಿಡಿದು ನಿಂತವಳಿಗೆ ತೋಳು ನೋಯುವುದಿಲ್ಲವಾ? “ಇಷ್ಟು ಹೊತ್ತು ಎಲ್ಲಿ ಸತ್ತಿದ್ದೆ?” ಅಂತ ಒಬ್ಬರಾದರೂ ಕೇಳುವುದಿಲ್ಲವಾ?

ಅಲ್ಲಿನವರೂ ಆಮೇಲೆ ಕಲಿತರು. 2014ರಲ್ಲಿ ತನ್ನದೇ ಕಾಮಿಕ್ಸ್ ಸರಣಿ ಪಡೆದ ಸೂಪರ್‌ಹೀರೋ ಕಮಲಾ ಖಾನ್, ಜರ್ಸಿ ಸಿಟಿಯ ಶಾಲಾ ಹುಡುಗಿ. ಪಾರ್ಟಿಗೆ ಹೋಗಬೇಡ ಅಂತಾರೆ ಮನೆಯಲ್ಲಿ. ಕದ್ದು ಹೋಗುತ್ತಾಳೆ, ಆ ರಾತ್ರಿಯೇ ಶಕ್ತಿ ಬರುತ್ತದೆ. ಮನೆಯ ಜಗಳ ಬೇರೆ, ಶಕ್ತಿ ಬೇರೆ ಅಂತ ಅಲ್ಲಿ ಬಿಡಿಸಿ ನೋಡಲಾಗುವುದಿಲ್ಲ.

ನಿಮಗೂ ಅಂಥದ್ದೊಂದು ಕೈಗೆ ಸಿಕ್ಕಿತ್ತು, ಬಿಟ್ಟುಬಿಟ್ಟಿರಿ. ಕಥೆಯನ್ನು ನವೆಂಬರ್ ಕೊನೆಗೆ ತನ್ನಿ. ಧಣಿಗಳ ಅಂಗಳದ ಅಟ್ಟದಲ್ಲಿ ಬೇಯಿಸಿದ ಅಡಿಕೆ ಬಿಸಿಲಿಗೆ ಹರವಿದೆ. ಶಾರದೆಯ ತುಂಡು ಗದ್ದೆಯಲ್ಲಿ ಕೊಯ್ದ ಭತ್ತ ಬಿದ್ದಿದೆ. ಅಕಾಲದ ಮಳೆ ಬರುತ್ತದೆ, ಆ ಕಾಲಕ್ಕೆ ಸಿಡಿಲೂ ಸಹಜವೇ. ಅಡಿಕೆ ನೆನೆದರೆ ಬೂಷ್ಟು ಹಿಡಿದು ರೇಟು ಬೀಳುತ್ತದೆ, ಅವಳ ಕೂಲಿಗೂ ಕುತ್ತು. ಭತ್ತ ನೆನೆದರೆ ಗದ್ದೆಯಲ್ಲೇ ಮೊಳಕೆ. ಅವಳು ಒಂದು ಕಡೆಯ ಮಳೆಯನ್ನಷ್ಟೇ ತಡೆಯಬಲ್ಲಳು. ಎಲ್ಲಿ ನಿಲ್ಲುತ್ತಾಳೆ? ಧಣಿಗಳು ಅದನ್ನು ನೋಡುತ್ತಾ ನಿಂತಿದ್ದರೆ?

ಬಸ್ಸು ತೆಗೆಯಿರಿ, ಮುಖವಾಡ ತೆಗೆಯಿರಿ. ಬರೆದು ಮತ್ತೆ ಕಳಿಸಿ, ಅವಸರ ಇಲ್ಲ, ವಿಶೇಷಾಂಕದ ಪುಟಗಳು ಆಗಲೇ ತುಂಬಿವೆ. ಈ ಸಲ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ನಿಮ್ಮ ಹಳೇ ನುಡಿ ಫಾಂಟಿನ ಫೈಲ್ ಇಲ್ಲಿ ಒಡೆದು ಬಂದು, ಒತ್ತಕ್ಷರ ಸರಿಮಾಡುವುದರಲ್ಲೇ ನಮ್ಮ ಹುಡುಗನ ಒಂದು ಮಧ್ಯಾಹ್ನ ಹೋಯಿತು.