ಸತ್ತ ವಿಲನ್ ಮತ್ತೆ ಬಂದರೆ ನಂಬುವುದು ಹೇಗೆ?

ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಡಾಕ್ಟರ್ ಅನ್ನುವ ನಾಯಕನ ಬ್ರಿಟಿಷ್ ಟಿವಿ ಸರಣಿ ‘ಡಾಕ್ಟರ್ ಹೂ’ದಲ್ಲಿ ಸೋತು ಸತ್ತ ವಿಲನ್‌ಗಳೇ ಮತ್ತೆ ಮತ್ತೆ ಬರುತ್ತಾರೆ, ವಿಜ್ಞಾನವೂ ಅಷ್ಟಕ್ಕಷ್ಟೆ, ಇದನ್ನು ನಂಬಿಕೊಂಡು ನೋಡುವುದು ಹೇಗೆ ಅಂತ ಕೇಳಿದ್ದೀರಿ. ನನಗೆ ತುಂಬಾ ಇಷ್ಟದ ಸರಣಿ ಇದು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ವಿಲನ್ ವಾಪಸ್ ಬರುವುದು ನನಗೆ ತಪ್ಪು ಅನ್ನಿಸುವುದಿಲ್ಲ. ವಿಜ್ಞಾನ ಆಚೀಚೆ ಆದರೂ ಸಹಿಸಿಕೊಳ್ಳುತ್ತೇನೆ. ಆದರೆ ಕಥೆ ತಾನೇ ಹಾಕಿಕೊಂಡ ನಿಯಮವನ್ನು ತಾನೇ ಮುರಿಯಬಾರದು.

ಲೋಹದ ಕವಚದೊಳಗೆ ಕೂತ ಅನ್ಯಗ್ರಹದ ವಿಲನ್‌ಗಳಾದ ಡಾಲೆಕ್‌ಗಳು ಈ ಪರೀಕ್ಷೆಯಲ್ಲಿ ಚೆನ್ನಾಗಿ ಪಾಸಾಗುತ್ತವೆ. 1963ರಲ್ಲಿ ಶುರುವಾದ ಮೊದಲ ಕಥೆಯಲ್ಲಿ ಅವು ಲೋಹದ ನೆಲದಿಂದ ವಿದ್ಯುತ್ ಪಡೆದು ಓಡಾಡುತ್ತಿದ್ದವು. ಊರು ಬಿಟ್ಟು ಹೊರಗೆ ಬರುವಂತಿರಲಿಲ್ಲ. ಕೊನೆಗೆ ಕರೆಂಟು ನಿಂತು ಎಲ್ಲವೂ ಸತ್ತವು. ಜನಕ್ಕೆ ಅವು ವಿಪರೀತ ಇಷ್ಟವಾಗಿದ್ದರಿಂದ 1964ರಲ್ಲಿ ಲಂಡನ್ನಿಗೇ ಕರೆತಂದರು. ಹಾಗಂತ ಹಳೆಯದನ್ನು ಮರೆಯಲಿಲ್ಲ. ಮೊದಲ ಕಥೆ ನಡೆದದ್ದು ಇನ್ನೂ ಹತ್ತು ಲಕ್ಷ ವರ್ಷ ಮುಂದೆ ಅಂತ ಡಾಕ್ಟರ್ ಹೇಳುತ್ತಾನೆ. ಲೋಹದ ನೆಲ ಇಲ್ಲದೆ ಓಡಾಡಬೇಕಲ್ಲ, ಅದಕ್ಕೆ ಬೆನ್ನಿಗೆ ಒಂದು ತಟ್ಟೆಯಂಥ ಆಂಟೆನಾ ಬಂತು. ಸಣ್ಣ ವಿಷಯವೇ, ಆದರೆ ನೋಡುವವರ ನೆನಪಿಗೆ ಕೊಟ್ಟ ಮರ್ಯಾದೆ ಅದು.

ಅರ್ಧ ಮನುಷ್ಯ ಅರ್ಧ ಯಂತ್ರವಾದ ಸೈಬರ್‌ಮನ್‌ಗಳ ಕಥೆ ಇನ್ನೂ ಸ್ವಾರಸ್ಯ. 1966ರ ಅಕ್ಟೋಬರ್‌ನಲ್ಲಿ ಮೊದಲು ಬಂದವರು. ಅವರನ್ನು ಸೃಷ್ಟಿಸಿದ ಇಬ್ಬರಲ್ಲಿ ಒಬ್ಬರಾದ ಕಿಟ್ ಪೆಡ್ಲರ್ ಲಂಡನ್ನಿನಲ್ಲಿ ಕಣ್ಣಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದ ವೈದ್ಯ ವಿಜ್ಞಾನಿ. ಕೆಟ್ಟ ಅಂಗಗಳನ್ನೆಲ್ಲ ಒಂದೊಂದಾಗಿ ಯಂತ್ರಕ್ಕೆ ಬದಲಾಯಿಸುತ್ತಾ ಹೋದರೆ ಕೊನೆಗೆ ಮನುಷ್ಯ ಅಂತ ಎಷ್ಟು ಉಳಿಯುತ್ತಾನೆ ಅನ್ನುವುದು ಅವರ ಭಯ. ದೇಹದೊಳಗೆ ಪೇಸ್‌ಮೇಕರ್ ಇಡಲು ಶುರುವಾಗಿ ಆಗ ಎಂಟೇ ವರ್ಷ. ಮನುಷ್ಯನ ಹೃದಯವನ್ನು ಇನ್ನೊಬ್ಬರಿಗೆ ಮೊದಲು ಕಸಿ ಮಾಡಿದ್ದು ಮರುವರ್ಷ, 1967ರಲ್ಲಿ. ಆ ಭಯ ಗಾಳಿಯಿಂದ ಬಂದದ್ದಲ್ಲ.

ಅದೇ ಕಥೆಯಲ್ಲಿ ಖಗೋಳ ವಿಜ್ಞಾನ ಪೂರ್ತಿ ಕೈಕೊಟ್ಟಿದೆ. ಎಂದೋ ದೂರ ಹೋಗಿದ್ದ, ಸೈಬರ್‌ಮನ್‌ಗಳ ತವರಾದ ಮೊಂಡಾಸ್ ಅನ್ನುವ ಭೂಮಿಯ ಅವಳಿ ಗ್ರಹ ವಾಪಸ್ ಬರುತ್ತದೆ. ಅಷ್ಟು ದೊಡ್ಡ ಗ್ರಹ ಪಕ್ಕಕ್ಕೆ ಬಂದರೆ ಸಮುದ್ರ ಉಕ್ಕಬೇಕು, ಚಂದ್ರನ ದಾರಿ ತಪ್ಪಬೇಕು, ಅಲ್ವಾ? ಅಂಥದ್ದೇನೂ ಇಲ್ಲ. ಆದರೂ ಆ ಸೈಬರ್‌ಮನ್‌ಗಳನ್ನು ನಾನು ನಂಬುತ್ತೇನೆ. ಮುಖಕ್ಕೆ ಬಟ್ಟೆ, ಎದೆಗೆ ಯಂತ್ರ, ಆದರೆ ಕೈಗಳು ಮಾತ್ರ ನಮ್ಮ ನಿಮ್ಮ ಕೈಗಳೇ. ನೋಡಿದರೆ ಮೈ ಜುಮ್ ಅನ್ನುತ್ತದೆ.

ಆಮೇಲೆ ಚಿನ್ನ ಬಂತು. 1975ರ ಕಥೆಯಲ್ಲಿ ಚಿನ್ನದ ಪುಡಿ ಅವರ ಉಸಿರಾಟದ ಯಂತ್ರಕ್ಕೆ ಮೆತ್ತಿಕೊಂಡು ಉಸಿರು ಕಟ್ಟಿಸುತ್ತದೆ. ಸರಿ, ಚಿನ್ನ ತುಕ್ಕು ಹಿಡಿಯುವುದಿಲ್ಲ, ತೆಳುವಾಗಿ ಹರಡಿಕೊಳ್ಳುತ್ತದೆ, ಒಪ್ಪಬಹುದು. 1982ರಲ್ಲಿ ಚಿನ್ನದ ಬ್ಯಾಡ್ಜನ್ನು ಎದೆಯ ಯಂತ್ರಕ್ಕೆ ಉಜ್ಜುತ್ತಾರೆ, ಅದೂ ಓಕೆ. 1988ರ ಹೊತ್ತಿಗೆ ಚಿನ್ನದ ನಾಣ್ಯ ಇಟ್ಟು ಕವಣೆಯಲ್ಲಿ ಹೊಡೆದರೆ ಸಾಕು, ಬಿದ್ದು ಸಾಯುತ್ತಾರೆ! ಕಾರಣ ಹೋಯಿತು, ಬರೀ ಮಂತ್ರ ಉಳಿಯಿತು. ನನಗೆ ನಿಜವಾಗಿ ಸಿಟ್ಟು ಬರುವುದು ಇಂಥ ಕಡೆ. ಮೊಂಡಾಸ್ ವಿಷಯದಲ್ಲಿ ಇಷ್ಟು ಸಿಟ್ಟು ಬರುವುದಿಲ್ಲ.

ಡಾಕ್ಟರ್‌ನ ಕುಲದವನೇ ಆದ ಅವನ ಹಳೆಯ ವೈರಿ ಮಾಸ್ಟರ್ ವಿಷಯದಲ್ಲೂ ಇದೇ ಆಯಿತು. ಆ ಕುಲದವರು ಸಾಯುವ ಹೊತ್ತಿಗೆ ಹೊಸ ದೇಹ ಪಡೆಯುತ್ತಾರೆ; 1976ರಲ್ಲಿ ಹನ್ನೆರಡು ಸಲ ಮಾತ್ರ ಹಾಗೆ ದೇಹ ಬದಲಾಯಿಸಬಹುದು ಅನ್ನುವ ಮಿತಿ ಹಾಕಿದರು. ಮಾಸ್ಟರ್ ಆ ಮಿತಿ ಮುಟ್ಟಿ, ಕೊಳೆತ ದೇಹದಲ್ಲಿ ಬದುಕಿಗಾಗಿ ಒದ್ದಾಡುತ್ತಾನೆ. 1981ರಲ್ಲಿ ಬೇರೊಬ್ಬನ ದೇಹ ಕದಿಯುತ್ತಾನೆ. ಎಷ್ಟು ಚೆನ್ನಾಗಿದೆ! ಆದರೆ 1984ರಲ್ಲಿ ಬೆಂಕಿಯಲ್ಲಿ ಸುಟ್ಟುಹೋದವನು 1985ರಲ್ಲಿ ಸುಮ್ನೆ ಬಂದು ನಿಲ್ಲುತ್ತಾನೆ. ಹೇಗೆ ಉಳಿದ ಅನ್ನುವುದಕ್ಕೆ ಸರಿಯಾದ ಉತ್ತರವೇ ಇಲ್ಲ.

ನೀವು ನೋಡಲು ಶುರು ಮಾಡುವುದಾದರೆ 2006ರಲ್ಲಿ ಸೈಬರ್‌ಮನ್‌ಗಳು ಮರಳಿ ಬಂದ ಎರಡು ಕಂತು ನೋಡಿ. ಇಲ್ಲಿ ಅವರು ನಮ್ಮದರಂತೆಯೇ ಇರುವ ಸಮಾನಾಂತರ ಲೋಕದ ಭೂಮಿಯವರು, ಸಾವಿಗೆ ಹೆದರಿದ ಒಬ್ಬ ಶ್ರೀಮಂತ ಮಾಡಿಸಿದವರು. ಜನರೆಲ್ಲ ಕಿವಿಗೆ ಸಿಕ್ಕಿಸಿಕೊಂಡು ಸುದ್ದಿ ಕೇಳುವ ಯಂತ್ರದ ಮೂಲಕವೇ ಅವರನ್ನು ವಶ ಮಾಡಿಕೊಳ್ಳುತ್ತಾನೆ. ಕೊನೆಗೆ ಇವರನ್ನು ಸೋಲಿಸುವುದು ಚಿನ್ನ ಅಲ್ಲ. ಭಾವನೆಗಳನ್ನು ತಡೆಯುವ ಸಾಧನ ಆಫ್ ಆಗುತ್ತದೆ, ತಾವು ಏನಾಗಿದ್ದೇವೆ ಅಂತ ಅವರಿಗೇ ಗೊತ್ತಾಗುತ್ತದೆ, ಅದನ್ನು ತಡೆಯಲಾಗದೆ ಸಾಯುತ್ತಾರೆ. ಪೆಡ್ಲರ್ ಅವರ ಹಳೆಯ ಭಯದಿಂದಲೇ ಹುಟ್ಟಿದ ಸೋಲು ಅದು.

ಆಮೇಲೆ 1966ರದ್ದು ನೋಡಿ. ಅದರ ನಾಲ್ಕನೇ ಕಂತು ಕಳೆದುಹೋಗಿದೆ. ಉಳಿದ ಧ್ವನಿಗೆ ಆನಿಮೇಷನ್ ಸೇರಿಸಿದ್ದಾರೆ, ಆ ಕಂತನ್ನು ಹಾಗೇ ನೋಡಬೇಕು.